ಮೊದಲು ಉಸಿರು, ಆಮೇಲೆ ಫೋಟೊ

ಜನವರಿಯ ಒಂದು ಬೆಳಿಗ್ಗೆ, ಏಳು ಗಂಟೆಯ ಹೊತ್ತು. ಮುರುಡೇಶ್ವರದ ಕಡಲತೀರದ ಬಳಿಯ ಪುಟ್ಟ ಕಚೇರಿಯೊಂದರಲ್ಲಿ ನಾವು ನಾಲ್ವರು ಗೆಳೆಯರು ಕೂತಿದ್ದೆವು. ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗ್ ಮಾಡುವುದು, ನೀರೊಳಗೆ ಫೋಟೊ ತೆಗೆಯುವುದು ನಮ್ಮ ಪ್ಲ್ಯಾನ್. ದೋಣಿ ಹತ್ತುವ ಮುನ್ನ ಎಲ್ಲರ ಕೈಗೂ ಒಂದೊಂದು ಫಾರಂ ಕೊಟ್ಟರು. ಹೆಸರು, ವಯಸ್ಸು, ಮನೆಯವರ ಫೋನ್ ನಂಬರ್ ಬರೆದಾಯಿತು. ಪುಟ ತಿರುಗಿಸಿದರೆ ಆರೋಗ್ಯದ ಪ್ರಶ್ನೆಗಳು. ಹೃದಯದ ತೊಂದರೆ ಇದೆಯೇ? ಇಲ್ಲ. ಮೂರ್ಛೆರೋಗ? ಇಲ್ಲ. ಕಿವಿಯ ಶಸ್ತ್ರಚಿಕಿತ್ಸೆ ಆಗಿದೆಯೇ? ಇಲ್ಲ. ಆಸ್ತಮಾ ಇದೆಯೇ, ಅಥವಾ ಹಿಂದೆ ಇತ್ತೇ?

ಅಲ್ಲಿ ನನ್ನ ಪೆನ್ನು ನಿಂತಿತು.

ಹೈಸ್ಕೂಲು ಮುಗಿಯುವವರೆಗೂ ನನ್ನ ಬ್ಯಾಗಿನಲ್ಲಿ ಇನ್‌ಹೇಲರ್ ಇರುತ್ತಿತ್ತು. ಈಗ ಐದಾರು ವರ್ಷಗಳಿಂದ ಅದರ ನೆನಪೂ ಇರಲಿಲ್ಲ. ಪಕ್ಕದಲ್ಲಿದ್ದ ಗೆಳೆಯ ಇಣುಕಿ ನೋಡಿ, ‘ಇಲ್ಲ ಅಂತ ಟಿಕ್ ಹಾಕು ಮಾರಾಯ, ಅದನ್ನೆಲ್ಲ ಯಾರು ಓದ್ತಾರೆ’ ಎಂದ. ಬಿ.ಎಸ್ಸಿ. ಮುಗಿಸಿ ಒಂದು ವರ್ಷದಿಂದ ಕೆಲಸ ಹುಡುಕುತ್ತಿರುವ ನನಗೆ ಫಾರಂ ತುಂಬುವುದೆಂದರೆ ನೀರು ಕುಡಿದಷ್ಟು ಸಲೀಸು. ಇಂಗ್ಲಿಷ್ ಚೆನ್ನಾಗಿ ಬರುತ್ತದೆಯೇ? ಹೌದು. ಯಾವ ಊರಿಗೆ ಹಾಕಿದರೂ ಹೋಗುತ್ತೀರಾ? ಹೌದು. ಒತ್ತಡದಲ್ಲಿ ಕೆಲಸ ಮಾಡಬಲ್ಲಿರಾ? ಹೌದು, ಹೌದು. ಕೇಳುವವರಿಗೆ ಯಾವ ಉತ್ತರ ಬೇಕೋ ಅದನ್ನೇ ಬರೆದು ಬರೆದು ಕೈಗೆ ಅಭ್ಯಾಸವಾಗಿಬಿಟ್ಟಿದೆ.

ಮೇಲಾಗಿ ಬ್ಯಾಗಿನಲ್ಲಿ ಬಾಡಿಗೆಗೆ ತಂದ ಕ್ಯಾಮೆರಾ ಇತ್ತು. ಟ್ಯೂಷನ್ ಹೇಳಿ ಎಂಟು ತಿಂಗಳು ಕೂಡಿಟ್ಟ ದುಡ್ಡು ಆ ಒಂದು ದಿನಕ್ಕೆ ಹೋಗಿತ್ತು. ಮನೆಯಲ್ಲಿ ‘ಮುರುಡೇಶ್ವರಕ್ಕೆ ಹೋಗಿ ಬರ್ತೇನೆ’ ಎಂದಷ್ಟೇ ಹೇಳಿದ್ದೆ. ದೇವರ ದರ್ಶನಕ್ಕೆ ಎಂದುಕೊಂಡ ಅಮ್ಮ, ಹಣ್ಣುಕಾಯಿ ಮಾಡಿಸಲು 100 ರೂಪಾಯಿ ಬೇರೆ ಕೊಟ್ಟಿದ್ದಳು.

ಕೊನೆಗೆ ‘ಹೌದು’ ಎಂದೇ ಟಿಕ್ ಹಾಕಿದೆ. ಪ್ರಾಮಾಣಿಕತೆ ಎಂದೇನೂ ಹೇಳಿಕೊಳ್ಳುವುದಿಲ್ಲ, ಹೆದರಿಕೆಯಾಯಿತು ಅಷ್ಟೆ. ತರಬೇತುದಾರರು ಫಾರಂ ಓದಿದರು. ಅವರು ನಿಜವಾಗಿಯೂ ಓದುತ್ತಾರೆ. ‘ಡಾಕ್ಟರ ಪತ್ರ ಇಲ್ಲದೆ ಇವತ್ತು ನಿಮ್ಮನ್ನು ನೀರಿಗೆ ಇಳಿಸೋಕಾಗಲ್ಲ’ ಎಂದರು. ಉಳಿದ ಮೂವರು ದೋಣಿ ಹತ್ತಿದರು. ನಾನು ಅಮ್ಮ ಕೊಟ್ಟ ದುಡ್ಡಿನಲ್ಲಿ ಹಣ್ಣುಕಾಯಿ ಮಾಡಿಸಿ, ಮಧ್ಯಾಹ್ನದವರೆಗೆ ಕಡಲು ನೋಡುತ್ತ ಕೂತೆ. ನನ್ನ ಊರಿನ ಹೆಸರು ಸಾಗರ. ಸಾಗರದ ಹುಡುಗನಿಗೆ ಸಮುದ್ರಕ್ಕಿಳಿಯಲು ಯೋಗವಿಲ್ಲವೆಂದು ಗೆಳೆಯರು ಇಂದಿಗೂ ನಗುತ್ತಾರೆ.

ಆ ಪ್ರಶ್ನೆಯನ್ನು ಯಾಕೆ ಕೇಳುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ನೀರಿನಲ್ಲಿ 10 ಮೀಟರ್ ಕೆಳಗೆ ಹೋದರೆ ನಮ್ಮ ಮೇಲಿನ ಒತ್ತಡ ಎರಡರಷ್ಟಾಗುತ್ತದೆ. ಆ ಆಳದಲ್ಲಿ ಶ್ವಾಸಕೋಶದ ತುಂಬ ಎಳೆದುಕೊಂಡ ಗಾಳಿ, ಮೇಲಕ್ಕೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಅದು ಹೊರಗೆ ಹೋಗಲು ದಾರಿ ಇರಬೇಕು. ‘ಎಂದಿಗೂ ಉಸಿರು ಬಿಗಿಹಿಡಿಯಬೇಡಿ’ ಎಂಬುದು ಸ್ಕೂಬಾದ ಮೊದಲ ಪಾಠವಾಗಿರುವುದು ಇದಕ್ಕೇ. ಆಸ್ತಮಾ ಇರುವವರ ಶ್ವಾಸನಾಳ ನೀರೊಳಗೆ ಬಿಗಿದುಕೊಂಡರೆ ಗಾಳಿ ಒಳಗೇ ಸಿಕ್ಕಿಕೊಂಡು ಶ್ವಾಸಕೋಶ ಹರಿಯುವ ಅಪಾಯವಿದೆ. ಸಿಲಿಂಡರಿನ ಒಣ ಗಾಳಿಯೇ ಉಬ್ಬಸ ಎಬ್ಬಿಸಬಹುದು. ಒಂದು ಸುಳ್ಳು ಟಿಕ್ ಎಲ್ಲಿಗೆ ಮುಟ್ಟಬಹುದಿತ್ತು ಎಂದು ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಗೆಳೆಯರು ಮಧ್ಯಾಹ್ನ ಖುಷಿಯಿಂದಲೇ ಬಂದರು. ಆದರೆ ಫೋಟೊಗಳನ್ನು ನೋಡಿದಾಗ ಎಲ್ಲರ ಮುಖ ಸಪ್ಪಗಾಯಿತು. ಎಲ್ಲ ಚಿತ್ರಗಳೂ ಒಂದೇ ನೀಲಿ-ಹಸಿರು ಬಣ್ಣದಲ್ಲಿ ಅದ್ದಿ ತೆಗೆದಂತಿದ್ದವು. ಗೆಳೆಯನ ಕೈಗೆ ಕಟ್ಟಿದ್ದ ದೇವಸ್ಥಾನದ ಕೆಂಪು ದಾರ ಬೂದಿ ಬಣ್ಣಕ್ಕೆ ತಿರುಗಿತ್ತು. ಸೂರ್ಯನ ಬೆಳಕಿನಲ್ಲಿ ನೀರು ಮೊದಲು ನುಂಗುವುದೇ ಕೆಂಪನ್ನು. ಮೇಲಿನ ಕೆಲವೇ ಮೀಟರ್‌ಗಳಲ್ಲಿ ಅದು ಮಾಯವಾಗುತ್ತದೆ, ಆಮೇಲೆ ಕಿತ್ತಳೆ, ಹಳದಿ. ಇನ್ನೊಬ್ಬ ಫ್ಲ್ಯಾಷ್ ಹಾಕಿ ತೆಗೆದದ್ದರಲ್ಲಿ ಮೀನಿಗಿಂತ ನೀರಿನ ಕಣಗಳೇ ರವೆ ಚೆಲ್ಲಿದ ಹಾಗೆ ಹೊಳೆಯುತ್ತಿದ್ದವು. ನನಗೆ ಬೇಸರವಾದದ್ದು ಇನ್ನೊಂದು ಫೋಟೊ ನೋಡಿ. ಅದರಲ್ಲಿ ಗೆಳೆಯ ಅಲುಗದೆ ನಿಲ್ಲಲು ಹವಳವೊಂದನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

ಹವಳ ಕಲ್ಲಿನಂತೆ ಕಂಡರೂ ಜೀವ ಇರುವಂಥದ್ದು. ಗುಂಡಗೆ ಬೆಳೆಯುವ ದೊಡ್ಡ ಹವಳಗಳು ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಬೆಳೆಯುತ್ತವೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ದಿಬ್ಬ ಕಟ್ಟುವ ಹವಳಗಳು ಹುಲಿ ಇರುವ ಮೊದಲನೇ ಪರಿಶಿಷ್ಟದಲ್ಲೇ ಇವೆ. ಸಮುದ್ರ ಬಿಸಿಯಾಗಿ 1998, 2010, 2016ರಲ್ಲಿ ಅಂಡಮಾನ್, ಲಕ್ಷದ್ವೀಪಗಳ ಹವಳಗಳು ಬಿಳುಚಿಕೊಂಡವು. ಅಷ್ಟು ಸೋತಿರುವ ಜೀವದ ಮೇಲೆ ಒಂದು ಸೆಲ್ಫಿಗಾಗಿ ಕೈಯೂರುವುದು ಸರಿಯೇ?

ಗೆಳೆಯನದು ಕೆಟ್ಟ ಬುದ್ಧಿಯಲ್ಲ. ಅವನಿಗೆ ನೀರಿನಲ್ಲಿ ನಿಲ್ಲಲು ಬರುತ್ತಿರಲಿಲ್ಲ, ಕೈಯಲ್ಲಿ ಕ್ಯಾಮೆರಾ ಇತ್ತು. ಯೋಚಿಸಿ ನೋಡಿದರೆ ನಮ್ಮ ಪ್ಲ್ಯಾನೇ ತಲೆಕೆಳಗಾಗಿತ್ತು. ಯಾರದೋ ಚಂದದ ಫೋಟೊ ನೋಡಿ ಆಸೆ ಹುಟ್ಟಿತು. ಅದಕ್ಕೆ ಕ್ಯಾಮೆರಾ ಹುಡುಕಿದೆವು. ಕ್ಯಾಮೆರಾ ಸಿಕ್ಕ ದಿನಕ್ಕೆ ದೋಣಿ ಬುಕ್ ಮಾಡಿದೆವು. ನಮ್ಮ ದೇಹ ಇದಕ್ಕೆ ಸಿದ್ಧವಿದೆಯೇ, ನಮಗೆ ಇದು ಬರುತ್ತದೆಯೇ ಎಂಬ ಪ್ರಶ್ನೆ ಬಂದದ್ದು ಕಟ್ಟಕಡೆಗೆ, ಅದೂ ಬೇರೆಯವರು ಫಾರಂ ಕೊಟ್ಟಾಗ.

ಈಗ ನಾನು ಅಂಡಮಾನ್‌ಗೆ ಹೋಗುವ ಪ್ಲ್ಯಾನ್ ಮಾಡುತ್ತಿದ್ದೇನೆ, ಈ ಸಲ ಕ್ರಮ ಬದಲಿಸಿಕೊಂಡು.

ಮೊದಲು ಶಿವಮೊಗ್ಗದಲ್ಲಿ ಎದೆರೋಗದ ತಜ್ಞರನ್ನು ಕಂಡೆ. ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆಯನ್ನು ಸುಮ್ಮನೆ ಕೂತಾಗ ಒಮ್ಮೆ, ಓಡಿಸಿದ ಮೇಲೆ ಒಮ್ಮೆ ಮಾಡಿಸಿದರು. ಹಿಂದೆ ಆಸ್ತಮಾ ಇದ್ದವರೆಲ್ಲ ಸ್ಕೂಬಾದ ಆಸೆ ಬಿಡಬೇಕಿಲ್ಲ. ಇಳಿಯಬಹುದೇ ಬೇಡವೇ ಎಂದು ಹೇಳಬೇಕಾದವರು ವೈದ್ಯರು, ಪಕ್ಕದಲ್ಲಿ ಕೂತ ಗೆಳೆಯನಲ್ಲ. ನನಗೆ ಒಪ್ಪಿಗೆ ಸಿಕ್ಕಿತು. ಸಿಗದೇ ಇದ್ದಿದ್ದರೆ ಸ್ನಾರ್ಕೆಲ್ ಹಾಕಿಕೊಂಡು ಮೇಲೆಯೇ ತೇಲುತ್ತ ನೋಡುತ್ತಿದ್ದೆ.

ಎರಡನೆಯದು ಕಲಿಕೆ. ಏನೂ ಬಾರದವರನ್ನು ತರಬೇತುದಾರರು ಜೊತೆಯಲ್ಲೇ ಕರೆದೊಯ್ಯುವ ಒಂದು ದಿನದ ಡೈವ್ ರುಚಿ ನೋಡಲು ಮಾತ್ರ. ಸ್ವತಂತ್ರವಾಗಿ ಈಜಬೇಕಿದ್ದರೆ ‘ಓಪನ್ ವಾಟರ್’ ಕೋರ್ಸ್ ಮಾಡಬೇಕು. ಮೂರ್ನಾಲ್ಕು ದಿನ ಹಿಡಿಯುತ್ತದೆ. 200 ಮೀಟರ್ ಈಜಿ ತೋರಿಸಬೇಕು, 10 ನಿಮಿಷ ತೇಲಬೇಕು. ಮುಗಿಸಿದವರಿಗೆ 18 ಮೀಟರ್ ಆಳದವರೆಗೆ ಅವಕಾಶ. ತೋಟದ ಕೆರೆಯಲ್ಲಿ ಕಲಿತ ಈಜು ನನಗೆ ಇಲ್ಲಿ ಕೆಲಸಕ್ಕೆ ಬರುತ್ತಿದೆ. ಮೇಲೇಳದೆ, ಮುಳುಗದೆ, ಏನನ್ನೂ ಹಿಡಿಯದೆ ನೀರಿನ ನಡುವೆ ನಿಲ್ಲುವುದೇ ಈ ಕೋರ್ಸಿನಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ, ಫೋಟೊಗ್ರಾಫರನ ಟ್ರೈಪಾಡ್ ಕೂಡ ಅದೇ. ಹಾಗಾಗಿ ಕ್ಯಾಮೆರಾಕ್ಕೆಂದು ಎತ್ತಿಟ್ಟ ದುಡ್ಡನ್ನು ಕೋರ್ಸಿಗೆ ತಿರುಗಿಸಿದ್ದೇನೆ.

ಮೂರನೆಯದು ಜಾಗ ಮತ್ತು ದಿನಗಳ ಲೆಕ್ಕ. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಅಂಡಮಾನ್‌ನ ಸ್ವರಾಜ್ ದ್ವೀಪಕ್ಕೂ (ಹಳೆಯ ಹೆಸರು ಹ್ಯಾವ್‌ಲಾಕ್) ಮಳೆ ಮುಗಿದ ಮೇಲಿನ ತಿಂಗಳುಗಳೇ ವಾಸಿ. ಲಕ್ಷದ್ವೀಪಕ್ಕಾದರೆ ಮೊದಲೇ ಪರವಾನಗಿ ಬೇಕು. ದುಡ್ಡು ಕಡಿಮೆ ಇರುವವರು ಎಡವುವುದು ಕೊನೆಯ ದಿನ. ಬೆಳಿಗ್ಗೆ ಇನ್ನೊಂದು ಡೈವ್, ಸಂಜೆ ವಿಮಾನ ಎಂದು ಲೆಕ್ಕ ಹಾಕಿದರೆ ಒಂದು ದಿನದ ರೂಮು ಬಾಡಿಗೆ ಉಳಿಯಬಹುದು. ಆದರೆ ನೀರೊಳಗೆ ದೇಹ ಹೀರಿಕೊಂಡ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ಹಲವು ದಿನ ಡೈವ್ ಮಾಡಿದವರು ಕನಿಷ್ಠ 18 ಗಂಟೆ, ಸಾಧ್ಯವಾದರೆ ಪೂರ್ತಿ ಒಂದು ದಿನ ಬಿಟ್ಟು ವಿಮಾನ ಹತ್ತಬೇಕು. ಘಟ್ಟ ಹತ್ತಿ ಊರಿಗೆ ಮರಳುವ ನಮ್ಮಂಥವರೂ ತರಬೇತುದಾರರನ್ನು ಕೇಳಿಯೇ ಹೊರಡುವುದು ಒಳ್ಳೆಯದು.

ಕ್ಯಾಮೆರಾ ನಾಲ್ಕನೆಯದು. ಅನೇಕ ಆಕ್ಷನ್ ಕ್ಯಾಮೆರಾಗಳು ಕವಚವಿಲ್ಲದೆ ಸುಮಾರು 10 ಮೀಟರ್‌ವರೆಗೆ ಮಾತ್ರ ತಡೆಯುತ್ತವೆ. ಕವಚದ ಬಾಯಿಗೆ ಇರುವ ರಬ್ಬರ್ ಉಂಗುರದ ಮೇಲೆ ಒಂದು ಕೂದಲು ಕೂತರೂ ನೀರು ಒಳನುಗ್ಗುತ್ತದೆ. ಅದಕ್ಕೇ ಕ್ಯಾಮೆರಾ ಇಡದೆ ಖಾಲಿ ಕವಚವನ್ನು ಮೊದಲು ನೀರಿನಲ್ಲಿ ಮುಳುಗಿಸಿ ನೋಡಬೇಕು. ನೀರೊಳಗೆ ವಸ್ತುಗಳು ಇರುವುದಕ್ಕಿಂತ ಹತ್ತಿರ, ದೊಡ್ಡದಾಗಿ ಕಾಣುತ್ತವೆ. ಹೊಸಬರು ದೂರದಲ್ಲೇ ನಿಂತು ಕ್ಲಿಕ್ಕಿಸಿ ಮೋಸ ಹೋಗುತ್ತಾರೆ. ಹತ್ತಿರ ಹೋದಷ್ಟೂ ನಡುವಿನ ನೀರು ಕಡಿಮೆಯಾಗಿ ಬಣ್ಣ ಉಳಿಯುತ್ತದೆ. ಆದರೆ ಹವಳಕ್ಕೆ ತಾಗದೆ ಅಷ್ಟು ಹತ್ತಿರ ಹೋಗಲು ಮತ್ತೆ ಎರಡನೆಯ ಹಂತದ ವಿದ್ಯೆಯೇ ಬೇಕು.

‘ಫೋಟೊ ಇಲ್ಲದಿದ್ರೆ ಹೋಗಿದ್ದು ಯಾರಿಗೆ ಗೊತ್ತಾಗ್ತದೆ?’ ಎಂದು ಗೆಳೆಯ ಕೇಳುತ್ತಾನೆ. ಅವನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನೀರೊಳಗಿನ ಫೋಟೊ ಬರೀ ಷೋಕಿಯಲ್ಲ. ಹವಳ ಬಿಳುಚಿದ್ದನ್ನು ಸಂಶೋಧಕರು ದಾಖಲಿಸುವುದು ಅದರಿಂದಲೇ. ವೇಲ್ ಶಾರ್ಕ್‌ಗಳ ಮೈಮೇಲಿನ ಚುಕ್ಕೆಗಳ ಫೋಟೊ ನೋಡಿ ಇದು ಇಂಥದೇ ಮೀನು ಎಂದು ಗುರುತಿಸುತ್ತಾರೆ. ನನಗೂ ಅಂಥ ಫೋಟೊ ತೆಗೆಯುವ ಆಸೆಯಿದೆ. ಅವಸರ ಮಾತ್ರ ಇಲ್ಲ. ಕೆಲಸವಿಲ್ಲದ ನಮಗೆ ಇಂಥ ಅವಕಾಶ ಮತ್ತೆ ಸಿಗುತ್ತದೋ ಇಲ್ಲವೋ ಎಂಬ ಆತಂಕ ಇರುತ್ತದೆ, ನಿಜ. ಸುಳ್ಳು ಟಿಕ್ ಹಾಕಿಸುವುದು ಆ ಆತಂಕವೇ. ಆದರೆ ಏನಾದರೂ ಆದರೆ ಆಸ್ಪತ್ರೆಯ ಬಿಲ್ ಕಟ್ಟಲು ದುಡ್ಡಿಲ್ಲದವರೂ ನಾವೇ ಅಲ್ಲವೇ?

ಮಾರ್ಚ್‌ನಲ್ಲಿ ಮತ್ತೊಮ್ಮೆ ಮುರುಡೇಶ್ವರಕ್ಕೆ ಹೋದೆ. ಈ ಸಲ ಅಮ್ಮನಿಗೆ ಎಲ್ಲ ಹೇಳಿದ್ದೆ. ಮೊದಲು ಬೈದಳು, ಆಮೇಲೆ ಡಾಕ್ಟರ ಪತ್ರವನ್ನು ಎರಡು ಸಲ ಓದಿದಳು, ಕೊನೆಗೆ ‘ಕಿವಿಗೆ ಹತ್ತಿ ಇಟ್ಕೋ’ ಎಂದಳು. ಕಿವಿಗೆ ಹತ್ತಿ ಇಟ್ಟುಕೊಂಡು ಡೈವ್ ಮಾಡಬಾರದೆಂದು ಅವಳಿಗೆ ತಿಳಿಸಿ ಹೇಳಲು ಒಂದು ಸಂಜೆ ಬೇಕಾಯಿತು. ಕ್ಯಾಮೆರಾ ಒಯ್ಯಲಿಲ್ಲ. ಸುಮಾರು 19 ಕಿ.ಮೀ. ದೋಣಿಯಲ್ಲಿ ಹೋಗಿ, ತರಬೇತುದಾರರ ಜೊತೆ ನೀರಿಗಿಳಿದೆ. ಮೊದಲ ಎರಡು ನಿಮಿಷ ನನ್ನ ಉಸಿರಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಅದು ನಿಧಾನವಾದ ಮೇಲೆ ಎಲ್ಲಿಂದಲೋ ಕಟಕಟ ಸದ್ದು. ಗಿಳಿಮೀನೊಂದು ಕೊಕ್ಕಿನಂಥ ಹಲ್ಲಿನಿಂದ ಹವಳದ ಕಲ್ಲನ್ನು ಕೆರೆದು ಪಾಚಿ ತಿನ್ನುತ್ತಿತ್ತು. ನಾನು ಎರಡೂ ಕೈ ಎದೆಗೆ ಕಟ್ಟಿಕೊಂಡು ಅದು ಹೋಗುವವರೆಗೂ ನೋಡಿದೆ.

ಅದರ ಫೋಟೊ ನನ್ನ ಬಳಿ ಇಲ್ಲ. ಡಾಕ್ಟರ ಪತ್ರ ಇದೆ, ಅಂಡಮಾನ್ ಕೋರ್ಸಿಗೆಂದು ಕೂಡಿಡುತ್ತಿರುವ ದುಡ್ಡಿನ ಡಬ್ಬಿ ಇದೆ. ನೀವೂ ಹೊರಡುವವರಾದರೆ ಕ್ಯಾಮೆರಾ ಹುಡುಕುವ ಮುನ್ನ ಆ ಆರೋಗ್ಯದ ಫಾರಂ ತರಿಸಿಕೊಳ್ಳಿ, ಮನೆಯಲ್ಲೇ ಕೂತು ಓದಿ. ಯಾವ ಪ್ರಶ್ನೆಯ ಮುಂದೆ ಪೆನ್ನು ನಿಲ್ಲುತ್ತದೋ, ಪ್ಲ್ಯಾನ್ ಅಲ್ಲಿಂದ ಶುರುವಾಗಲಿ.