ಹಳೆಯ ಜೀಪು ಮತ್ತು ಮೂಲಪಾಠ

ಎರಡನೆಯ ಮಹಾಯುದ್ಧದ ಬಳಕೆಗೆಂದು 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಹಾಗೂ ಫೋರ್ಡ್ ಸಂಸ್ಥೆಗಳು ಒಂದೇ ವಿನ್ಯಾಸದ ಆರು ಲಕ್ಷಕ್ಕೂ ಮಿಕ್ಕಿದ ಜೀಪುಗಳನ್ನು ನಿರ್ಮಿಸಿದವು. ಕಲ್ಲುಮುಳ್ಳಿನ ಹಾದಿ ತುಳಿದ ಆ ವಾಹನಗಳನ್ನು ಆಸಕ್ತರು ಇಂದು ಅಕ್ಕರೆಯಿಂದ ಸಂಗ್ರಹಿಸುತ್ತಿರುವುದು ಸ್ತುತ್ಯವೇ ಸರಿ. ಆದರೆ ಹಳೆಯ ಬಿಡಿಭಾಗಗಳನ್ನು ಕಿತ್ತೊಗೆದು, ಹೊಸತನ್ನು ಜೋಡಿಸಿ, ಥಳಥಳಿಸುವ ಬಣ್ಣ ಬಳಿದರೆ ಅದು ಸಂರಕ್ಷಣೆಯೆನಿಸದು. ಫೋರ್ಡ್ ಸಂಸ್ಥೆಯು ತಾನು ನಿರ್ಮಿಸಿದ ಜೀಪುಗಳ ಬೋಲ್ಟುಗಳ ತಲೆಯ ಮೇಲೂ 'ಎಫ್' ಅಕ್ಷರವನ್ನು ಒತ್ತಿಸುತ್ತಿತ್ತು. ವಾಹನದ ಜನ್ಮವೃತ್ತಾಂತಕ್ಕೆ ಅದೇ ಸಾಕ್ಷಿ. ಅದನ್ನು ನಿಷ್ಕಾರಣವಾಗಿ ಬದಲಿಸುವುದು, ಓಲೆಗರಿಯ ಮೂಲಪಾಠವನ್ನು ಕೈಬಿಟ್ಟು ತನಗೆ ರುಚಿಸಿದ್ದನ್ನು ಬರೆದಿಟ್ಟ ಲಿಪಿಕಾರನ ಅಪರಾಧಕ್ಕೆ ಸಮಾನ. ವಾಹನದ ಕೈಪಿಡಿ, ಉಪಕರಣಗಳ ಚೀಲ, ಸಂಖ್ಯಾಫಲಕ ಇವೆಲ್ಲ ಗ್ರಂಥಕ್ಕೆ ಟೀಕೆಯಿದ್ದಂತೆ. ಅವನ್ನು ಬಿಡಿಬಿಡಿಯಾಗಿ ಮಾರುವುದು ಸಲ್ಲದು. ಎಲ್ಲವನ್ನೂ ಒಟ್ಟಾಗಿ ದಾಸೋಹಭಾವದಿಂದ ಕಾಯ್ದು ಮುಂದಿನವರಿಗೆ ಒಪ್ಪಿಸುವುದೇ ಸಂಗ್ರಾಹಕನ ಕಾಯಕ.