ಟ್ಯಾಂಕಿಗೊಂದು ಬಲೆ

ಪುಟಾಣಿಗಳೇ, ಈ ವಾರ ನನ್ನದೊಂದು ತಪ್ಪಿನಿಂದಲೇ ಶುರು ಮಾಡುತ್ತೇನೆ. ಕಪಾಟಿನ ಧೂಳು ಒರೆಸುವಾಗ ಮೊಮ್ಮಗನ ಪ್ಲಾಸ್ಟಿಕ್ ಟ್ಯಾಂಕು ನನ್ನ ಕೈತಪ್ಪಿ ಬಿದ್ದು, ತೋಪಿನ ನಳಿಕೆ ತುಂಡಾಯಿತು. ಮಡಿಕೇರಿಯ ಜನರಲ್ ತಿಮ್ಮಯ್ಯ ಸಂಗ್ರಹಾಲಯದಲ್ಲಿ ಟಿ-55 ಟ್ಯಾಂಕ್ ನೋಡಿ ಬಂದವನು, ತಿಂಗಳುಗಟ್ಟಲೆ ಕೂತು ಜೋಡಿಸಿದ್ದ ಮಾದರಿ ಅದು. ಅವನು ದಸರಾ ರಜೆಗೆ ಅಜ್ಜಿಮನೆಗೆ ಹೋಗಿದ್ದ.

ಅಂಟಿಸಿದೆ. ಗೆರೆ ಕಾಣುತ್ತಿತ್ತು. ಸೈನಿಕರು ಟ್ಯಾಂಕಿಗೆ ಬಲೆ ಹೊದೆಸುತ್ತಾರಲ್ಲ, ನಾನೂ ಹೊದೆಸಿದರೆ ಹೇಗೆ ಎನಿಸಿತು.

ಈಗ ಲೆಕ್ಕ. ಮಾದರಿ 1:35. ನಿಜವಾದ ಟಿ-55 ನಳಿಕೆ ಸೇರಿ ಸುಮಾರು 9 ಮೀಟರ್ ಉದ್ದ. ನಮ್ಮದು 26 ಸೆಂ.ಮೀ. ಮನೆಯಲ್ಲಿದ್ದ ಮೀನುಬಲೆ ತುಂಡಿನ ಕಣ್ಣು 3 ಸೆಂ.ಮೀ. 35ರಿಂದ ಗುಣಿಸಿದರೆ ಒಂದು ಮೀಟರಿಗಿಂತ ದೊಡ್ಡ ತೂತು! ಮಕ್ಕಳೇ ನುಸುಳಬಹುದು. ನಮಗೆ ಬೇಕಾದದ್ದು 2 ಮಿ.ಮೀ. ಕಣ್ಣು. ಉರ್ವ ಮಾರ್ಕೆಟಿನ ಹತ್ತಿರದ ಮೆಡಿಕಲ್ ಅಂಗಡಿಯಿಂದ ಗಾಯಕ್ಕೆ ಸುತ್ತುವ ಬ್ಯಾಂಡೇಜ್ ಬಟ್ಟೆ ತಂದೆ.

ಅದನ್ನು ದಪ್ಪ ಚಹಾ ಡಿಕಾಕ್ಷನ್ನಿನಲ್ಲಿ ಅರ್ಧ ಗಂಟೆ ನೆನೆಸಿ ಒಣಗಿಸಿ. ಅಲ್ಲಲ್ಲಿ ಒಂದೊಂದು ನೂಲು ಎಳೆದು ತೆಗೆಯಿರಿ. ಟ್ಯಾಂಕಿಗೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಸುತ್ತಲೂ ಹಿಡಿಸೂಡಿ ಕಡ್ಡಿ ನಿಲ್ಲಿಸಿ. ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ಕಡ್ಡಿಗಳ ಮೇಲೆ ಸಡಿಲವಾಗಿ ಹರಡಿ. ಹಸಿ ಇರುವಾಗಲೇ ಒಣ ಕರಿಬೇವಿನ ಎಲೆ ಪುಡಿ ಉದುರಿಸಿ. ರಾತ್ರಿಯಿಡೀ ಒಣಗಲಿ.

ಕಡ್ಡಿ ಯಾಕೆ? ಬಲೆ ಮೈಗೆ ಅಂಟಿ ಕೂತರೆ ಟ್ಯಾಂಕಿನ ಆಕಾರ ಹಾಗೇ ಕಾಣುತ್ತದೆ. ಮೇಲಿನಿಂದ ನೋಡುವವನ ಕಣ್ಣಿಗೆ ನೇರ ಅಂಚು, ಗಾಢ ನೆರಳು ಬೇಗ ಬೀಳುತ್ತವೆ. ಸಡಿಲ ಬಲೆ ಎರಡನ್ನೂ ಕಲಸಿಬಿಡುತ್ತದೆ. 1971ರ ಯುದ್ಧದಲ್ಲಿ ತಾಜ್‌ಮಹಲಿಗೂ ಬಟ್ಟೆ ಹೊದೆಸಿದ್ದರು. ನಾನಾಗ ಬಿ.ಕಾಂ. ವಿದ್ಯಾರ್ಥಿ.

ಮೊಮ್ಮಗ ಬಂದ. "ಅಜ್ಜ, ಇದು ನೀವು ಮಾಡಿದ್ದಾ?" ಎಂದು ಕುಣಿದ. ನನಗೆ ಮಾತ್ರ ಊಟ ಸೇರಲಿಲ್ಲ. ಬ್ಯಾಂಕಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿವರೆಗೆ ಲೆಜರ್ ಹುಡುಕುತ್ತಿದ್ದವನು ನಾನು. ಮಲಗುವ ಮೊದಲು ಕರೆದು ಹೇಳಿಬಿಟ್ಟೆ.

ಅವನು ಬಲೆ ಎತ್ತಿ ನೋಡಿದ. ಕಣ್ಣು ತುಂಬಿತು. ತುಂಬಾ ಹೊತ್ತಿನ ಮೇಲೆ, "ನಾಳೆ ಆ ಗೆರೆಯನ್ನು ಉಜ್ಜಿ ಪೇಂಟ್ ಮಾಡುವ ಅಜ್ಜ. ಬಲೆ ಇರಲಿ, ಚೆಂದ ಉಂಟು" ಎಂದ.

ಮರುದಿನ ಇಬ್ಬರೂ ಕೂತು ಮಾಡಿದೆವು. ನೀವೂ ಬಲೆ ಮಾಡಿ ನೋಡಿ. ಏನಾದರೂ ಮುರಿದಿದ್ದರೆ ಮಾತ್ರ, ಮೊದಲು ಹೇಳಿಬಿಡಿ.