ತಲೆಗೆ ಪೆಟ್ಟಾದವರಿಗೆ ಜಿಲ್ಲೆಯಲ್ಲೇ ತರಬೇತಿ ಸಿಗಲಿ

ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿದ್ದ ನನ್ನ ತಮ್ಮ ಆಸ್ಪತ್ರೆಯಿಂದ ನಡೆದುಕೊಂಡೇ ಮನೆಗೆ ಬಂದ. ಈಗ ಒಲೆ ಮೇಲೆ ಹಾಲಿಟ್ಟು ಮರೆಯುತ್ತಾನೆ, ಮಾತಿನ ಎಳೆ ತಪ್ಪುತ್ತಾನೆ, ಸಣ್ಣದಕ್ಕೂ ರೇಗುತ್ತಾನೆ. ಸೋಮಾರಿತನ ಎನ್ನುವ ನೆಂಟರಿಗೆ ಇದು ಪೆಟ್ಟಿನ ಪರಿಣಾಮ ಎಂದು ಹೇಳಿ ಹೇಳಿ ಸಾಕಾಗಿದೆ. ಮಿದುಳಿನ ಮುಂಭಾಗಕ್ಕೆ ಪೆಟ್ಟು ಬಿದ್ದರೆ ಗಮನ, ಯೋಜನೆ, ಸಿಟ್ಟಿನ ಮೇಲಿನ ಹಿಡಿತ ಎಲ್ಲವೂ ಸಡಿಲವಾಗಬಹುದು.

ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಈ ಸಾಮರ್ಥ್ಯಗಳನ್ನು ಮರಳಿ ರೂಢಿಸುವ ತರಬೇತಿ ಇದೆ. ಬೆರೆಸಿದ ಕಾಳುಗಳನ್ನು ಬೇರ್ಪಡಿಸುವಂಥ, ಮನೆಯಲ್ಲೇ ಮಾಡಬಹುದಾದ ಅಭ್ಯಾಸದಿಂದ ಗಮನವನ್ನು ಹದಗೊಳಿಸಬಹುದು; ಮರೆವಿಗೆ ಡೈರಿ, ಮೊಬೈಲ್ ಅಲಾರಂ. ಪೆಟ್ಟಾದ ಮೊದಲ ಕೆಲವು ತಿಂಗಳಲ್ಲೇ ಚೇತರಿಕೆ ಹೆಚ್ಚು. ಆದರೆ ರಾಯಚೂರು, ಬೀದರ್ ಕಡೆಯವರಿಗೆ ದಿನಗೂಲಿ ಬಿಟ್ಟು ಇದನ್ನು ಕಲಿಯಲು ವಾರವಾರ ಬೆಂಗಳೂರಿಗೆ ಹೋಗಲಾದೀತೆ? ಪ್ರತಿ ಜಿಲ್ಲಾಸ್ಪತ್ರೆಗೂ ಈ ತರಬೇತಿ ಬಲ್ಲ ಮನಶ್ಶಾಸ್ತ್ರಜ್ಞರನ್ನು ಸರ್ಕಾರ ನೇಮಿಸಲಿ. ಡಿಸ್‌ಚಾರ್ಜ್ ಚೀಟಿಯಲ್ಲೇ ತರಬೇತಿಯ ಮೊದಲ ದಿನಾಂಕ ನಮೂದಾಗಲಿ.

– ಓದುಗರೊಬ್ಬರು, ರಾಯಚೂರು